ಕೆರೆ ಉಳಿಸುತ್ತೇವೆ, ಕಂಚ ಕೊಡಿ

ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದಲ್ಲೂ ಅದಕ್ಕೆ ಅಂಟಿಕೊಂಡ ಕುರುಚಲು ಕಾಡಿನಲ್ಲೂ ಸುತ್ತು ಹಾಕಿ ಬರುವ ಕಾಲುದಾರಿಗಳಿವೆ. ಯಾವ ಇಲಾಖೆಯೂ ಹಾಕಿದ್ದಲ್ಲ. ವಿದ್ಯಾರ್ಥಿಗಳು, ಹಕ್ಕಿ ನೋಡುವವರು, ದನ ಮೇಯಿಸುವವರು ನಡೆದೂ ನಡೆದೂ ಬಿದ್ದ ದಾರಿ. ಬಫೆಲೊ ಲೇಕ್ ಎಂದು ಕರೆಯುವ ಕೆರೆಯ ದಂಡೆ, ತಂಗಡಿ ಮತ್ತು ಸೀತಾಫಲದ ಪೊದೆ, ಬೇವು, ಈಚಲು, ಒಂದರ ಮೇಲೊಂದು ಕೂತ ಗುಂಡುಗಲ್ಲುಗಳು, ಅಣಬೆಯಂತೆ ನಿಂತ ಮಶ್ರೂಮ್ ರಾಕ್, ಇನ್ನೊಂದು ಕಡೆ ಪೀಕಾಕ್ ಲೇಕ್. ಒಂದು ಬೆಳಗ್ಗೆ ಸಾಕು, ನೋಡಿ ಬರಬಹುದು. ನೋಡಿ ಬಂದವರು ಬರೆದಾಗೆಲ್ಲ ಒಂದು ಪದ ತಪ್ಪದೇ ಬರುತ್ತದೆ: ರಮಣೀಯ.

ನನ್ನ ತಕರಾರು ಆ ಪದದಿಂದಲೇ ಶುರುವಾಗುತ್ತದೆ. ರಮಣೀಯ ಅನ್ನುವುದು ಕಣ್ಣಿನ ಮಾತು. ಕಣ್ಣಿಗೆ ಬೇಕಾದದ್ದು ಒಂದು ನೀರಿನ ಹಾಳೆ, ಅದರ ಸುತ್ತ ಒಂದಿಷ್ಟು ಹಸಿರು, ಹಿನ್ನೆಲೆಗೆ ಒಂದು ಬಂಡೆ. ಅಷ್ಟನ್ನು ಉಳಿಸಿಕೊಂಡರೆ ಕಣ್ಣಿಗೆ ನಷ್ಟವಿಲ್ಲ. ಉಳಿದ ನೆಲವನ್ನು ಹರಾಜು ಹಾಕಬಹುದು. ಕೆರೆಯನ್ನು ನಾವು ಎಷ್ಟು ಹೊಗಳುತ್ತೇವೋ ಅಷ್ಟು ಸುಲಭವಾಗಿ ಕೆರೆಯ ಸುತ್ತಲಿನ ನೆಲ ಕೈತಪ್ಪುತ್ತದೆ. ಇದು ಊಹೆಯ ಮಾತಲ್ಲ. 2025ರಲ್ಲಿ ಕಂಚ ಗಚ್ಚಿಬೌಲಿಯಲ್ಲಿ ಹೂಡಿದ ವಾದವೇ ಇದು.

ಘಟನೆ ಗೊತ್ತಿಲ್ಲದವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. 1974ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಹುಟ್ಟಿದ ಈ ವಿಶ್ವವಿದ್ಯಾಲಯಕ್ಕೆ ಗಚ್ಚಿಬೌಲಿಯಲ್ಲಿ ಸುಮಾರು 2,300 ಎಕರೆ ತೋರಿಸಲಾಯಿತು. ಅದರಲ್ಲಿ ಸರ್ವೆ ನಂಬರ್ 25ರ 400 ಎಕರೆಯನ್ನು ಆಗಿನ ಆಂಧ್ರಪ್ರದೇಶ ಸರ್ಕಾರ 2004ರ ಹೊತ್ತಿಗೆ ಒಂದು ಕ್ರೀಡಾ ಕಂಪನಿಗೆ ಕೊಟ್ಟಿತು. 2006ರಲ್ಲಿ ಮುಂದಿನ ಸರ್ಕಾರ ಅದನ್ನು ರದ್ದು ಮಾಡಿತು. ಮೊಕದ್ದಮೆ ಹದಿನೆಂಟು ವರ್ಷ ನಡೆಯಿತು. 2024ರಲ್ಲಿ ಮೊದಲು ಹೈಕೋರ್ಟಿನಲ್ಲಿ, ಆಮೇಲೆ ಸುಪ್ರೀಂ ಕೋರ್ಟಿನಲ್ಲಿ ಸರ್ಕಾರ ಗೆದ್ದಿತು. ನೆಲ ತೆಲಂಗಾಣ ಕೈಗಾರಿಕಾ ಮೂಲಸೌಕರ್ಯ ನಿಗಮದ ಕೈಗೆ ಬಂತು. 2025ರ ಮಾರ್ಚ್ 30ರಂದು, ಯುಗಾದಿಯ ದಿನ, ಬುಲ್‌ಡೋಜರುಗಳು ಒಳಗೆ ಬಂದವು. ಯುಗಾದಿ, ಅದರ ಬೆನ್ನಿಗೆ ರಂಜಾನ್, ಕಚೇರಿ ಕೋರ್ಟುಗಳಿಗೆಲ್ಲ ರಜೆ. ರಾತ್ರಿಯೂ ದೀಪ ಹಾಕಿ ಕೆಲಸ ನಡೆಯಿತು. ತಡೆಯಲು ಹೋದ ವಿದ್ಯಾರ್ಥಿಗಳನ್ನು ಪೊಲೀಸರು ಎತ್ತಿಕೊಂಡು ಹೋದರು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ಕೆಲಸ ನಿಲ್ಲಿಸುವ ಹೊತ್ತಿಗೆ ನೂರು ಎಕರೆಯಷ್ಟು ನೆಲ ಬೋಳಾಗಿತ್ತು.

ಆ ದಿನಗಳಲ್ಲಿ ನಿಗಮ ಕೊಟ್ಟ ಸಮಜಾಯಿಷಿಯನ್ನು ಗಮನಿಸಿ. ಬಫೆಲೊ ಲೇಕ್, ಪೀಕಾಕ್ ಲೇಕ್ ಎರಡೂ ಈ 400 ಎಕರೆಯ ಒಳಗೆ ಬರುವುದಿಲ್ಲ; ಮಶ್ರೂಮ್ ರಾಕ್‌ನಂಥ ಬಂಡೆಗಳನ್ನು ಬಡಾವಣೆಯ ನಕ್ಷೆಯಲ್ಲಿ ಹಸಿರು ಜಾಗವೆಂದು ಉಳಿಸಿಕೊಳ್ಳುತ್ತೇವೆ. ಮೇಲ್ನೋಟಕ್ಕೆ ಎಷ್ಟು ಸಭ್ಯವಾದ ಮಾತು. ನೀವು ಹೊಗಳಿದ ಎಲ್ಲವನ್ನೂ ಉಳಿಸುತ್ತೇವೆ ಅನ್ನುತ್ತಿದ್ದಾರೆ. ನೀವು ಫೋಟೊ ತೆಗೆದ ಜಾಗಗಳ ಪಟ್ಟಿ ಮಾಡಿ, ಪ್ರತಿಯೊಂದರ ಸುತ್ತ ಒಂದು ಗೆರೆ ಎಳೆದು, ಗೆರೆಯ ಹೊರಗಿನದೆಲ್ಲ ನಮ್ಮದು ಎನ್ನುತ್ತಿದ್ದಾರೆ.

ನೀರಿಗೆ ಸರ್ವೆ ನಂಬರ್ ಗೊತ್ತಿಲ್ಲ. ದಖ್ಖನಿನ ಈ ಭಾಗ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಇಲ್ಲಿ ವರ್ಷವಿಡೀ ತುಂಬಿ ಹರಿಯುವ ಸಣ್ಣ ನದಿಗಳಿಲ್ಲ. ಮಳೆ ಬಿದ್ದಾಗ ಬಂಡೆಯ ಮೈಮೇಲಿಂದ ಜಾರಿದ ನೀರು ಬಂಡೆಗಳ ನಡುವಿನ ತೆಳು ಮಣ್ಣಿಗೆ ಬೀಳುತ್ತದೆ. ಹುಲ್ಲು, ಪೊದೆ, ಬೇರು ಅದನ್ನು ಹಿಡಿದುಕೊಂಡು ಸ್ವಲ್ಪ ಸ್ವಲ್ಪವಾಗಿ ಬಿಡುತ್ತವೆ. ಹಾಗೆ ಬಿಟ್ಟ ನೀರು ತಗ್ಗಿಗೆ ಬಂದು ನಿಂತದ್ದು ಕೆರೆ. ಅದು ತುಂಬಿ ಕೋಡಿ ಹರಿದರೆ ಕೆಳಗಿನ ಕುಂಟೆಗೆ ನೀರು. ಮೇಲಿನ ನೆಲಕ್ಕೆ ಕಾಂಕ್ರೀಟು ಹಾಕಿ ನೋಡಿ: ಎರಡು ತಿಂಗಳು ನಿಧಾನವಾಗಿ ಬರಬೇಕಾದ ನೀರು ಎರಡು ಗಂಟೆಯಲ್ಲಿ ಎಣ್ಣೆ, ಪ್ಲಾಸ್ಟಿಕ್, ಕೆಸರಿನ ಜೊತೆ ನುಗ್ಗುತ್ತದೆ, ಕೆರೆ ಉಕ್ಕುತ್ತದೆ, ಮಾರ್ಚ್‌ ಹೊತ್ತಿಗೆ ಒಣಗುತ್ತದೆ. ಕೆರೆಯ ಒಂದು ಅಂಗುಲವನ್ನೂ ಯಾರೂ ಒತ್ತುವರಿ ಮಾಡಿರುವುದಿಲ್ಲ. ದಾಖಲೆಯಲ್ಲಿ ಕೆರೆ ಹಾಗೇ ಇರುತ್ತದೆ. ನೀರು ಮಾತ್ರ ಇರುವುದಿಲ್ಲ.

ಕಾನೂನು ಕೂಡ ಕಣ್ಣಿನಿಂದಲೇ ನೋಡುತ್ತದೆ. ಇಲ್ಲಿನ ಕಟ್ಟಡ ನಿಯಮಗಳ ಪ್ರಕಾರ ಹತ್ತು ಹೆಕ್ಟೇರಿಗಿಂತ ದೊಡ್ಡ ಕೆರೆಗೆ, ಪೂರ್ಣ ತುಂಬಿದಾಗ ನೀರು ನಿಲ್ಲುವ ಗೆರೆಯಿಂದ ಆಚೆಗೆ 30 ಮೀಟರ್ ಬಿಡಬೇಕು. ಹತ್ತು ಹೆಕ್ಟೇರಿಗಿಂತ ಚಿಕ್ಕದಕ್ಕೆ, ಕುಂಟೆಗೆ, 9 ಮೀಟರ್. ಒಂಬತ್ತು ಮೀಟರ್ ಅಂದರೆ ಎರಡು ಕಾರುಗಳನ್ನು ಒಂದರ ಹಿಂದೊಂದು ನಿಲ್ಲಿಸಬಹುದಾದಷ್ಟು ಜಾಗ. ಒಂದು ಕುಂಟೆಗೆ ನೀರು ಕೊಡುವ ನೆಲ ಒಂಬತ್ತು ಮೀಟರಿನೊಳಗೆ ಮುಗಿಯುತ್ತದೆಂದು ಯಾವ ರೈತನೂ ಹೇಳಲಾರ. ಬೆಂಗಳೂರಿನವರು ನಗಬೇಕಿಲ್ಲ. ಅಲ್ಲಿ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗಳಿಗೆ 75 ಮೀಟರ್ ಬಿಡಿ ಎಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು.

2024ರ ಜುಲೈಯಲ್ಲಿ ಇದೇ ತೆಲಂಗಾಣ ಸರ್ಕಾರ ಹೈಡ್ರಾ ಎಂಬ ಸಂಸ್ಥೆ ಕಟ್ಟಿತು. ಕೆರೆಯ ಒಳಗೆ, ಆ 30 ಮೀಟರಿನ ಒಳಗೆ ಎದ್ದ ಕಟ್ಟಡಗಳನ್ನು ಕೆಡವುವುದು ಅದರ ಕೆಲಸಗಳಲ್ಲಿ ಮುಖ್ಯವಾದದ್ದು. ಮಾದಾಪುರದ ತಮ್ಮಿಡಿಕುಂಟದ ಬಳಿಯ ಹೆಸರಾಂತ ಸಭಾಂಗಣ ಆಗಸ್ಟ್‌ನಲ್ಲಿ ನೆಲಸಮವಾದಾಗ ಊರೆಲ್ಲ ಚಪ್ಪಾಳೆ ತಟ್ಟಿತು. ಏಳು ತಿಂಗಳ ನಂತರ ಅದೇ ಸರ್ಕಾರದ ಇನ್ನೊಂದು ಕೈ ಕಂಚ ಗಚ್ಚಿಬೌಲಿಗೆ ಬುಲ್‌ಡೋಜರ್ ಕಳಿಸಿತು. ಎರಡು ಕೈಗಳ ನಡುವೆ ಜಗಳವಿಲ್ಲ. ಗೆರೆಯ ಒಳಗೆ ಕಟ್ಟಿದರೆ ಅಪರಾಧ, ಗೆರೆಯ ಹೊರಗೆ ಕಟ್ಟಿದರೆ ಅಭಿವೃದ್ಧಿ. ಗೆರೆಯನ್ನು ಎಲ್ಲಿ ಎಳೆಯಬೇಕು ಅನ್ನುವುದಷ್ಟೇ ನಿಜವಾದ ಪ್ರಶ್ನೆ, ಅದನ್ನು ಯಾರೂ ಕೇಳುವುದಿಲ್ಲ.

ಈ ಊರಿಗೆ ಅದನ್ನು ಒಮ್ಮೆ ಒಬ್ಬ ಕನ್ನಡಿಗ ಹೇಳಿಕೊಟ್ಟಿದ್ದರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತ ಮೇಲೆ ನಿಜಾಮ ಸರ್ಕಾರ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ಊರೊಳಗೆ ನದಿಯ ಗೋಡೆ ಎತ್ತರಿಸುವುದರಲ್ಲೇ ನಿಲ್ಲಲಿಲ್ಲ. ಮೇಲಕ್ಕೆ, ನೀರು ಬರುವ ಕಡೆಗೆ ಹೋದರು. ಆ ಪ್ರದೇಶದಲ್ಲಿ ಒಡೆದ ಕೆರೆಗಳ ಲೆಕ್ಕ ಹಾಕಿದರು. ಊರಿನ ಮೇಲ್ಭಾಗದಲ್ಲಿ ನೀರು ಹಿಡಿದು ನಿಲ್ಲಿಸಿ ಎಂದರು. ಅದರಿಂದ ಉಸ್ಮಾನ್ ಸಾಗರ (1920), ಹಿಮಾಯತ್ ಸಾಗರ (1927) ಬಂದವು. ಊರಿನ ತೊಂದರೆಗೆ ಉತ್ತರ ಊರಿನ ಹೊರಗೆ ಇರುತ್ತದೆ ಅನ್ನುವ ತಿಳಿವಳಿಕೆ ಅದು. 1996ರಲ್ಲಿ ಹೊರಟ 111ನೇ ಸರ್ಕಾರಿ ಆದೇಶ ಆ ತಿಳಿವಳಿಕೆಯನ್ನೇ ಮುಂದುವರಿಸಿತು: ಎರಡೂ ಜಲಾಶಯಗಳ ಸುತ್ತ ಹತ್ತು ಕಿಲೋಮೀಟರಿನಲ್ಲಿ, 84 ಹಳ್ಳಿಗಳಲ್ಲಿ, ಕೈಗಾರಿಕೆ ಮತ್ತು ದೊಡ್ಡ ಕಟ್ಟಡಗಳಿಗೆ ಕಡಿವಾಣ ಬಿತ್ತು. 2022ರಲ್ಲಿ ಆಗಿನ ಸರ್ಕಾರ ಅದನ್ನು ಸಡಿಲಿಸುವ ಆದೇಶ ಹೊರಡಿಸಿತು. ಜಲಾಶಯಗಳನ್ನು ಕಾಪಾಡುತ್ತೇವೆ ಎಂಬ ಭರವಸೆಯೂ ಜೊತೆಗೇ ಬಂತು. ಪಕ್ಷ ಬೇರೆ, ಮಾತು ಅದೇ: ಕೆರೆ ಉಳಿಸುತ್ತೇವೆ, ನೆಲ ಕೊಡಿ.

ಹಾಗೆ ಕೊಟ್ಟ ನೆಲದ ಲೆಕ್ಕ ಯಾರು ತೀರಿಸುತ್ತಾರೆ ಅನ್ನುವುದೂ ಗೊತ್ತಿದೆ. 2020ರ ಅಕ್ಟೋಬರಿನ ಮಳೆಯಲ್ಲಿ ಬಾಲಾಪುರದ ಗುರ್ರಂ ಚೆರುವಿನ ಏರಿ ಒಡೆದು ಹಳೆ ಊರಿನ ಬಡಾವಣೆಗಳಿಗೆ ನೀರು ನುಗ್ಗಿತು. ಮುಳುಗಿದವರು ತಗ್ಗಿನಲ್ಲಿ ಬಾಡಿಗೆಗೆ ಇದ್ದವರು. ‘ಲೇಕ್ ವ್ಯೂ’ಗೆ ಹಣ ಕೊಟ್ಟವರು ಹದಿನೆಂಟನೇ ಮಹಡಿಯಲ್ಲಿದ್ದರು.

ಇಷ್ಟಾದ ಮೇಲೆ ಪದದ ವಿಷಯಕ್ಕೆ ಬರಬೇಕು. ನಾನು ಓದಿದ್ದು ಭಾಷಾವಿಜ್ಞಾನ, ಹೊಟ್ಟೆಪಾಡು ಅನುವಾದ. ಅನುವಾದಕರಿಗೆ ಒಂದು ಅಭ್ಯಾಸವಿರುತ್ತದೆ: ಜಗಳ ಬಗೆಹರಿಯದಿದ್ದರೆ ಇಬ್ಬರೂ ಬಳಸುತ್ತಿರುವ ಪದವನ್ನು ಅನುಮಾನದಿಂದ ನೋಡುವುದು. ಕಂಚ ಗಚ್ಚಿಬೌಲಿಯ ಜಗಳದಲ್ಲಿ ಒಂದು ಕಡೆಯವರು ‘ಪಾಳು ಭೂಮಿ’ ಎಂದರು. ಇನ್ನೊಂದು ಕಡೆಯವರು ‘ದಟ್ಟ ಕಾಡು’ ಎಂದರು. ಆ ನೆಲದ ಹೆಸರು ಏನೆಂದು ಎರಡೂ ಕಡೆಯವರು ದಿನಕ್ಕೆ ನೂರು ಸಲ ಹೇಳುತ್ತಿದ್ದರೂ ಯಾರ ಕಿವಿಗೂ ಬೀಳಲಿಲ್ಲ. ಅದರ ಹೆಸರು ಕಂಚ.

ತೆಲುಗಿನಲ್ಲಿ ಕಂಚೆ ಅಂದರೆ ಬೇಲಿ. ಕಂಚ ಅಂದರೆ ಬೇಲಿ ಹಾಕಿ, ಉಳದೆ, ದನಕರುಗಳಿಗೆಂದು ಕಾದಿಟ್ಟ ಹುಲ್ಲುನೆಲ. ಕನ್ನಡದಲ್ಲಿ ಇದಕ್ಕೆ ತಕ್ಕ ಪದ ಹುಡುಕಬೇಕಾಗಿಲ್ಲ: ಕಾವಲು. ಅಮೃತ ಮಹಲ್ ಕಾವಲಿನ ಕಾವಲು. ಹುಲ್ಲುಗಾವಲು ಅನ್ನುವ ಪದದೊಳಗೇ ‘ಕಾಯುವುದು’ ಕೂತಿದೆ. ಎರಡೂ ಭಾಷೆಗಳು ಈ ನೆಲವನ್ನು ಹೆಸರಿಸಿದ್ದು ಅದರಲ್ಲಿ ಏನು ಬೆಳೆಯುತ್ತದೆ ಅನ್ನುವುದರಿಂದಲ್ಲ, ಊರು ಅದನ್ನು ಕಾದುಕೊಂಡಿತ್ತು ಅನ್ನುವುದರಿಂದ. ಕೆರೆ ಕೂಡ ಹಾಗೆಯೇ ನಂಟು. ಕನ್ನಡದ ಕಿವಿ ತೆಲುಗಿನಲ್ಲಿ ಚೆವಿ ಆದಂತೆ ನಮ್ಮ ಕೆರೆಯ ಒಡಹುಟ್ಟು ಅವರ ಚೆರುವು. ನಮ್ಮ ಕುಂಟೆ ಅವರ ಕುಂಟ. ಕೆರೆ ಕಟ್ಟಿದ ಜನಕ್ಕೆ ಕೆರೆಯ ಜೊತೆಗೆ ಕಾವಲೂ ಬೇಕೆಂದು ಗೊತ್ತಿತ್ತು. ಬಫೆಲೊ ಲೇಕ್, ಪೀಕಾಕ್ ಲೇಕ್ ಎಂಬ ಇಂಗ್ಲಿಷ್ ಹೆಸರುಗಳಲ್ಲೂ ನೋಡಿ: ಎಮ್ಮೆ, ನವಿಲು. ಎರಡರಲ್ಲೂ ನೀರು ಕುಡಿಯುವವರಿದ್ದಾರೆ, ನೋಟ ನೋಡುವವರು ಯಾರೂ ಇಲ್ಲ.

ಈ ಹೆಸರನ್ನು ಕಂದಾಯದ ಕಡತ ಅಳಿಸಿತು. ನಮ್ಮ ಕರ್ನಾಟಕದ ಪಹಣಿ ತೆಗೆದು ನೋಡಿ. ಹಳ್ಳ, ಕುಂಟೆ, ಬಂಡೆ, ದಾರಿ, ಇವೆಲ್ಲ ಯಾವ ಕಾಲಮ್ಮಿನಲ್ಲಿವೆ? ಖರಾಬು. ‘ಅ’ ಖರಾಬು, ‘ಬ’ ಖರಾಬು. ಖರಾಬು ಅಂದರೆ ಕೆಟ್ಟದ್ದು, ಹಾಳು. ಕಂದಾಯ ಹುಟ್ಟದ ನೆಲಕ್ಕೆ ಸರ್ಕಾರ ಇಟ್ಟ ಬೈಗುಳ ಅದು. ಆ ಬೈಗುಳವನ್ನೇ ನಾವು ನೂರಾರು ವರ್ಷ ಓದಿ, ನಿಜವೆಂದು ನಂಬಿದೆವು. ಚಿತ್ರದುರ್ಗದ ಚಳ್ಳಕೆರೆಯಲ್ಲಿ 2010ರ ಆಸುಪಾಸಿನಲ್ಲಿ ಸುಮಾರು ಹತ್ತು ಸಾವಿರ ಎಕರೆ ಅಮೃತ ಮಹಲ್ ಕಾವಲನ್ನು ರಕ್ಷಣಾ, ಅಣು ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿದಾಗ ಬೆಂಗಳೂರಿನಲ್ಲಿ ಎಷ್ಟು ಜನ ಬೀದಿಗಿಳಿದರು? ಅಲ್ಲಿ ಕಡಿಯಲು ದೊಡ್ಡ ಮರಗಳಿರಲಿಲ್ಲ. ಕುರಿ ಮೇಯಿಸುವವರು, ಕಂಬಳಿ ನೇಯುವವರು ಹೊಸ ಗೋಡೆಯ ಹೊರಗೆ ನಿಂತರು. ಹುಲ್ಲು ನಮ್ಮ ಕಣ್ಣಿಗೆ ಕಾಡಿನಷ್ಟು ರಮಣೀಯವಾಗಿ ಕಾಣುವುದಿಲ್ಲ, ಅಷ್ಟೇ.

ಕಾಡು ಅನ್ನುವ ಪದದಿಂದ ಉಪಯೋಗವಿಲ್ಲ ಎನ್ನುತ್ತಿಲ್ಲ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅರಣ್ಯ ಅನ್ನುವುದಕ್ಕೆ ನಿಘಂಟಿನ ಅರ್ಥವನ್ನೇ ಹಿಡಿಯಿರಿ, ಒಡೆಯ ಯಾರೇ ಇರಲಿ ಎಂದಿತು. ಒಂದು ಪದದ ಅರ್ಥ ಇಷ್ಟು ಎಕರೆ ನೆಲವನ್ನು ಕಾದದ್ದು ಬೇರೆ ಎಲ್ಲೂ ಇರಲಾರದು. ಕಂಚ ಗಚ್ಚಿಬೌಲಿಯಲ್ಲೂ ಅದು ಕೈ ಹಿಡಿಯಿತು. ಆದರೆ ಅದನ್ನೇ ನಂಬಿಕೊಂಡರೆ ಹೋರಾಟ ಸುಳ್ಳಿಗೆ ಜಾರುತ್ತದೆ. ಏಪ್ರಿಲ್ ಮೊದಲ ವಾರ ಫೋನುಗಳಲ್ಲಿ ಹರಿದಾಡಿದ ಚಿತ್ರಗಳು ನೆನಪಿರಬಹುದು: ಕೃತಕ ಬುದ್ಧಿಮತ್ತೆ ಬಿಡಿಸಿದ ದಟ್ಟ ಮಳೆಕಾಡು, ಬುಲ್‌ಡೋಜರಿಗೆ ಬೆದರಿ ಓಡುವ ಪ್ರಾಣಿಗಳ ಹಿಂಡು. ನಿಜವಾದ ಆ ನೆಲದಲ್ಲಿ ನಕ್ಷತ್ರ ಆಮೆ, ಉಡ, ಚುಕ್ಕಿ ಜಿಂಕೆ, ಇನ್ನೂರಕ್ಕೂ ಹೆಚ್ಚು ಬಗೆಯ ಹಕ್ಕಿಗಳ ದಾಖಲೆಯಿತ್ತು. ಈ ಆವರಣದಲ್ಲೇ ಗುರುತಿಸಿ, ಈ ಊರಿನ ಹೆಸರಿಟ್ಟ ಒಂದು ಜೇಡವೂ ಇತ್ತು. ಅದು ಸಾಲದೆಂದು ಮಳೆಕಾಡನ್ನು ಹುಟ್ಟಿಸಿದರು. ಸರ್ಕಾರಕ್ಕೆ ಬೇಕಾದದ್ದೇ ಸಿಕ್ಕಿತು: ಸುಳ್ಳು ಚಿತ್ರ ತೋರಿಸಿ, ಇಡೀ ಆಕ್ಷೇಪಣೆಯೇ ಸುಳ್ಳು ಎಂದಿತು. ಇಲ್ಲದ ಕಾಡನ್ನು ಕಾಯಲು ಹೋದವರು ಇರುವ ಕಂಚವನ್ನು ಕಾಯುವ ವಾದವನ್ನೇ ಕಳೆದುಕೊಳ್ಳುತ್ತಾರೆ.

ಎದುರಿನ ವಾದಗಳಿಗೂ ಉತ್ತರ ಕೊಡಬೇಕು.

ಮೊದಲನೆಯದು: ನೆಲ ಸರ್ಕಾರದ್ದು, ಕೋರ್ಟೇ ಹೇಳಿದೆ. ಒಪ್ಪೋಣ. ಒಡೆತನದ ಪ್ರಶ್ನೆ ಮುಗಿದಿದೆ ಎಂದೇ ಇಟ್ಟುಕೊಳ್ಳೋಣ. ಕೆರೆಯ ಮೇಲಿನ ಹೊಲ ನನ್ನದೇ ಆದರೂ ಕೆರೆಗೆ ಹೋಗುವ ಕಾಲುವೆ ಮುಚ್ಚುವ ಹಕ್ಕು ನನಗಿಲ್ಲ ಎಂದು ಹಳ್ಳಿಯ ಪಂಚಾಯಿತಿಗೂ ಗೊತ್ತು. ಸರ್ಕಾರ ಒಡೆಯನಾದಷ್ಟೂ ಆ ಹೊಣೆ ಹೆಚ್ಚಬೇಕು.

ಎರಡನೆಯದು: ಇದು ಬರೀ ಪೊದೆ, ಮೊಕದ್ದಮೆ ನಡೆಯುತ್ತಿದ್ದಾಗ ಯಾರೂ ಮುಟ್ಟದ್ದರಿಂದ ಬೆಳೆದದ್ದು. ಇದನ್ನು ಬೈಗುಳವಾಗಿ ಹೇಳುವವರು ತಾವು ಏನನ್ನು ಒಪ್ಪಿಕೊಳ್ಳುತ್ತಿದ್ದೇವೆಂದು ಯೋಚಿಸಿದಂತಿಲ್ಲ. 2015ರಲ್ಲಿ ಶುರುವಾದ ಹರಿತ ಹಾರಂ ಯೋಜನೆ ತೆಲಂಗಾಣದಲ್ಲಿ 230 ಕೋಟಿ ಸಸಿ ನೆಡುವ ಗುರಿ ಹಾಕಿಕೊಂಡಿತ್ತು. ಗುಂಡಿ, ಗೊಬ್ಬರ, ಟ್ಯಾಂಕರ್ ನೀರು, ಕಬ್ಬಿಣದ ಜಾಲರಿ, ಎಲ್ಲಕ್ಕೂ ದುಡ್ಡು. ಇಲ್ಲಿ ಒಂದು ಪೈಸೆ ಖರ್ಚಿಲ್ಲದೆ, ಮುಟ್ಟದೆ ಬಿಟ್ಟ ಒಂದೇ ಕಾರಣಕ್ಕೆ ನೆಲ ತನ್ನ ಕೆಲಸ ತಾನು ಮಾಡಿಕೊಂಡಿತು. ನೆಟ್ಟ ಸಸಿಗೆ ಫಲಕ ಹಾಕುವ ಸರ್ಕಾರ ತಾನಾಗಿ ಬಂದ ಹಸಿರಿಗೆ ಬುಲ್‌ಡೋಜರ್ ಕಳಿಸಿತು.

ಮೂರನೆಯದು ಗಟ್ಟಿ ವಾದ: ಉದ್ಯೋಗ. ಐವತ್ತು ಸಾವಿರ ಕೋಟಿ ಹೂಡಿಕೆ, ಐದು ಲಕ್ಷ ಕೆಲಸ ಎಂದು ನಿಗಮ ಲೆಕ್ಕ ಕೊಟ್ಟಿತು. ಇದನ್ನು ಲಘುವಾಗಿ ತಳ್ಳಿಹಾಕುವ ಹಕ್ಕು ನನಗಿಲ್ಲ. ಬೀದರ್, ಕಲಬುರಗಿ, ರಾಯಚೂರಿನ ಎಷ್ಟು ಮನೆಗಳು ಈ ಊರಿನ ಸಂಬಳದ ಮೇಲೆ ನಡೆಯುತ್ತವೆ ಎಂದು ಕಾಚಿಗುಡದ ರೈಲು ನಿಲ್ದಾಣದಲ್ಲಿ ಒಂದು ಭಾನುವಾರ ರಾತ್ರಿ ನಿಂತರೆ ತಿಳಿಯುತ್ತದೆ. ಆದರೆ ಕೆಲಸವನ್ನು ಬೇರೆ ಕಡೆ ಕಟ್ಟಬಹುದು. ಹತ್ತು ಮಹಡಿ ಮೇಲಕ್ಕೆ ಒಯ್ಯಬಹುದು, ಐವತ್ತು ಮೈಲಿ ಆಚೆಗೆ ಒಯ್ಯಬಹುದು, ಮನಸ್ಸಿದ್ದರೆ ಕಲಬುರಗಿಗೇ ಒಯ್ಯಬಹುದು. ಬಂಡೆ, ಮಣ್ಣು, ಇಳಿಜಾರು ಸೇರಿ ಮಾಡುವ ಕೆಲಸವನ್ನು ಬೇರೆಲ್ಲಿಗೂ ಒಯ್ಯಲಾಗದು. ಎಲ್ಲ ಉದ್ಯೋಗವೂ ಗಚ್ಚಿಬೌಲಿಯ ಸುತ್ತಲೇ ಹುಟ್ಟಬೇಕು ಅನ್ನುವುದು ಅರ್ಥಶಾಸ್ತ್ರದ ನಿಯಮವಲ್ಲ. ಇಲ್ಲಿ ಎಕರೆಗೆ ಬೆಲೆ ಹೆಚ್ಚು, ಹರಾಜಿಗೆ ಹಣ ಹೆಚ್ಚು, ಅಷ್ಟೇ. ನಿರುದ್ಯೋಗಿಯ ಹೆಸರಿನಲ್ಲಿ ಭೂಮಿಯ ದರವನ್ನು ಕಾಯುವುದು ಬೇಡ.

ಕೊನೆಯ ವಾದ ಎದುರಾಳಿಯದ್ದಲ್ಲ, ಹಿತೈಷಿಗಳದ್ದು. ಅದಕ್ಕೇ ನನಗೆ ಅದರ ಭಯ ಹೆಚ್ಚು. ತಡೆಯಾಜ್ಞೆಯ ಬೆನ್ನಲ್ಲೇ ಇಡೀ ಪ್ರದೇಶವನ್ನು ದೊಡ್ಡ ‘ಇಕೋ ಪಾರ್ಕ್’ ಮಾಡುವ ಮಾತು ಪತ್ರಿಕೆಗಳಲ್ಲಿ ಬಂತು. ಕೇಳಿದ ಹಲವರು ಗೆದ್ದೆವು ಅಂದುಕೊಂಡರು. ಪಾರ್ಕ್ ಅಂದರೆ ಏನೆಂದು ದುರ್ಗಂ ಚೆರುವಿನಲ್ಲಿ ನೋಡಬಹುದು. ಗೋಲ್ಕೊಂಡದ ಕೋಟೆಗೆ ಕುಡಿಯುವ ನೀರು ಕೊಟ್ಟ ಕೆರೆ ಅದು. ಈಗ ಅದರ ಮೇಲೆ 2020ರಲ್ಲಿ ತೆರೆದ ತೂಗು ಸೇತುವೆ, ದಂಡೆಯುದ್ದಕ್ಕೂ ನಡಿಗೆ ಪಥ, ಸಂಜೆಗೆ ಬಣ್ಣದ ದೀಪ. ಸುತ್ತು ಹಾಕಲು ಜನ ಸಾಲುಗಟ್ಟುತ್ತಾರೆ. ಆ ನೀರಿಗೆ ಬೊಗಸೆ ಒಡ್ಡುವವರು ಒಬ್ಬರೂ ಇಲ್ಲ. ಕಂಚ ಗಚ್ಚಿಬೌಲಿಯಷ್ಟೇ ದೊಡ್ಡದಾದ ಕೆಬಿಆರ್ ಉದ್ಯಾನವನ್ನೂ ನೋಡಿ: ರಾಷ್ಟ್ರೀಯ ಉದ್ಯಾನ ಎಂಬ ಪಟ್ಟವಿದ್ದೂ ಅದರ ಸುತ್ತಲಿನ ಸೂಕ್ಷ್ಮ ವಲಯವನ್ನು 2020ರಲ್ಲಿ ಕೆಲವು ಮೀಟರುಗಳಿಗೆ ಇಳಿಸಲಾಯಿತು. ಸುತ್ತ ರಸ್ತೆ, ಮಧ್ಯದಲ್ಲಿ ಒಂದು ಹಸಿರು ದ್ವೀಪ. ಸುಂದರೀಕರಣ ಅಂದರೆ ನೆಲದಿಂದ ಕೆರೆಯನ್ನು ಕತ್ತರಿಸಿ ಚೌಕಟ್ಟು ಹಾಕುವುದು.

ಹಾಗಾದರೆ ಏನು ಬೇಕು? ಕೇಳಬೇಕಾದದ್ದು ಹೆಚ್ಚೇನಿಲ್ಲ. ಕೆರೆಯ ಗಡಿಯನ್ನು ನೀರು ನಿಲ್ಲುವ ಗೆರೆಯಿಂದಲ್ಲ, ನೀರು ಹುಟ್ಟುವ ದಿಬ್ಬದಿಂದ ಗುರುತಿಸಬೇಕು. ಮಣ್ಣಿನ ಇಳಿಜಾರನ್ನು ಅಳೆಯುವ ನಕ್ಷೆಗಳು ಇಂದು ಯಾವ ಸರ್ಕಾರಕ್ಕೂ ದುಬಾರಿಯಲ್ಲ. ಕಂಚ, ಕಾವಲು, ಗೋಮಾಳಗಳಿಗೆ ಕಾಡಿನ ವೇಷ ಹಾಕಿಸದೆ, ಅವುಗಳ ಹೆಸರಿನಲ್ಲೇ ರಕ್ಷಣೆ ಸಿಗಬೇಕು. ಕಡಿದ ನೂರು ಎಕರೆಯನ್ನು ಮೊದಲಿನಂತೆ ಮಾಡುವ ಯೋಜನೆ ತನ್ನಿ ಎಂದು ಕೋರ್ಟ್ ಸರ್ಕಾರವನ್ನು ಕೇಳಿದೆ. ನರ್ಸರಿಯ ಸಸಿಗಳನ್ನು ಸಾಲಾಗಿ ನೆಡುವುದು ಅದಕ್ಕೆ ಉತ್ತರವಾಗಬಾರದು. ಮಣ್ಣು ಕೊಚ್ಚಿಹೋಗದಂತೆ ನೋಡಿಕೊಂಡು, ಬೇಲಿ ಹಾಕಿ, ಬಿಟ್ಟುಬಿಡಬೇಕು. ಬೇಲಿ ಹಾಕಿ ಬಿಟ್ಟ ನೆಲಕ್ಕೇ ತಾನೆ ಕಂಚ ಅನ್ನುವುದು. ಕಾಲುದಾರಿ ಕಾಲುದಾರಿಯಾಗಿಯೇ ಇರಲಿ; ಟೈಲ್ಸ್ ಬೇಡ, ಕಮಾನು ಬೇಡ, ಸೆಲ್ಫಿ ಪಾಯಿಂಟ್ ಬೇಡ.

ನಿಮ್ಮ ಊರಿನಲ್ಲೂ ಒಂದು ಕೆರೆ ಇರುತ್ತದೆ. ಅದನ್ನು ಉಳಿಸುತ್ತೇವೆ ಎಂದು ಯಾರಾದರೂ ನಕ್ಷೆ ಹಿಡಿದು ಬಂದರೆ ಕೆರೆಯ ಕಡೆ ನೋಡಬೇಡಿ, ಅದನ್ನು ಅವರು ಚೆನ್ನಾಗಿಯೇ ಬರೆದಿರುತ್ತಾರೆ, ನೀಲಿ ಬಣ್ಣದಲ್ಲಿ. ಕೆರೆಯಿಂದ ಮೇಲಕ್ಕೆ, ಇಳಿಜಾರು ಮುಗಿಯುವವರೆಗೆ ಬೆರಳಾಡಿಸಿ. ಅಲ್ಲಿ ಖಾಲಿ ಬಿಟ್ಟಂತೆ ಕಾಣುವ ಜಾಗದ ಮೇಲೆ ಏನು ಬರೆದಿದೆ ಎಂದು ಓದಿ. ಆಮೇಲೆ, ಆ ಜಾಗವನ್ನು ನಿಮ್ಮೂರಿನ ಹಳಬರು ಏನೆಂದು ಕರೆಯುತ್ತಿದ್ದರು ಎಂದು ಕೇಳಿ.